ಎದೆಯ ಓಟ ನಿಂತ ಕೂಡಲೇ ಎಚ್ಚರ ತಪ್ಪುತ್ತದೆಯೇ? ಆ ಕ್ಷಣಕ್ಕೂ ಆಮೇಲಿನ ತಪಾಸಣೆಗೂ ಒಂದು ಕೈಪಿಡಿ

ಎದೆ ಡವಡವ ಎಂದು ಓಡುತ್ತಿರುವಾಗ ಯಾರಾದರೂ ಕುಸಿದರೆ ಕಾರಣ ಹುಡುಕಲು ಕಷ್ಟವಿಲ್ಲ. ಕೆಲವರಿಗೆ ಆಗುವುದು ಉಲ್ಟಾ. ಅರ್ಧ ಗಂಟೆಯೋ ಮೂರು ಗಂಟೆಯೋ ಎದೆಬಡಿತ ತಾಳ ತಪ್ಪಿ ಓಡುತ್ತದೆ, ಅದನ್ನು ಹೇಗೋ ಸಹಿಸಿಕೊಂಡು ಕೂತಿರುತ್ತಾರೆ. ಆಮೇಲೆ ಇದ್ದಕ್ಕಿದ್ದಂತೆ ಓಟ ನಿಲ್ಲುತ್ತದೆ. ‘ಅಬ್ಬಾ, ಸರಿಹೋಯ್ತು’ ಅನ್ನುವಷ್ಟರಲ್ಲಿ ಕಣ್ಣು ಕತ್ತಲೆ ಕಟ್ಟಿ ನಿಂತಲ್ಲೇ ಬಿದ್ದಿರುತ್ತಾರೆ. ಎಚ್ಚರವಾದಾಗ ನಾಡಿ ಸರಿಯಾಗಿದೆ. ಆಸ್ಪತ್ರೆಗೆ ಹೋದರೆ ಇಸಿಜಿಯೂ ನಾರ್ಮಲ್. ಮನೆಯಲ್ಲಿ ಒಬ್ಬರು ಪಿತ್ತ ಅನ್ನುತ್ತಾರೆ, ಇನ್ನೊಬ್ಬರು ಗ್ಯಾಸ್, ಮತ್ತೊಬ್ಬರು ಬಿಪಿ ಲೋ. ಒಂದು ಲೋಟ ಉಪ್ಪು ಹಾಕಿದ ನಿಂಬೆ ಪಾನಕದೊಂದಿಗೆ ವಿಷಯ ಮುಗಿಯುತ್ತದೆ, ಮುಂದಿನ ಸಲ ಬೀಳುವ ತನಕ.

ಇಂಥವರು ಡಾಕ್ಟರಿಗೆ ಹೇಳಬೇಕಾದ ಅತಿ ಮುಖ್ಯ ಸಂಗತಿ ಘಟನೆಗಳ ಕ್ರಮ: ಮೊದಲು ಓಟ, ಆಮೇಲೆ ಓಟ ನಿಂತದ್ದು, ಅದರ ಬೆನ್ನಿಗೇ ಕತ್ತಲೆ. ಅದನ್ನೇ ಬಹುತೇಕರು ಹೇಳುವುದಿಲ್ಲ. ‘ತಲೆ ಸುತ್ತಿ ಬಿದ್ದೆ’ ಎಂದಷ್ಟೇ ಹೇಳಿದರೆ ನೂರು ಕಾರಣಗಳಿರುತ್ತವೆ. ಕ್ರಮ ಹೇಳಿದರೆ ಅವು ಬೆರಳೆಣಿಕೆಗೆ ಇಳಿಯುತ್ತವೆ.

ಒಳಗೆ ಆಗುವುದೇನು

ಹೃದಯದ ಬಲ ಮೇಲಿನ ಕೋಣೆಯ ಗೋಡೆಯಲ್ಲಿ, ದೊಡ್ಡ ರಕ್ತನಾಳ ಬಂದು ಸೇರುವ ಜಾಗದಲ್ಲಿ, ಸೈನಸ್ ನೋಡ್ ಎಂಬ ಪುಟ್ಟ ಕೋಶಗುಂಪಿದೆ. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬಿಬ್ಬರು ಅದನ್ನು 1907ರಲ್ಲಿ ಗುರುತಿಸಿದರು. ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸಂಕೇತ ಹೊರಡಿಸಿ ಬಡಿತ ನಡೆಸುವುದು ಅದರ ಕೆಲಸ. ತಾಳ ತಪ್ಪಿದ ಇಂಥ ಓಟಕ್ಕೆ ಸಾಮಾನ್ಯ ಕಾರಣವಾದ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ (ಡಾಕ್ಟರುಗಳ ಬಾಯಲ್ಲಿ ಎಎಫ್) ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ಕ್ಕೂ ಹೆಚ್ಚು ಅಡ್ಡಾದಿಡ್ಡಿ ಸಂಕೇತಗಳು ಹರಿದಾಡುತ್ತವೆ. ಈ ಗದ್ದಲದ ಅಲೆಗಳು ಸೈನಸ್ ನೋಡ್‌ಗೂ ಬಂದು ಬಡಿದು, ತನ್ನ ಸಂಕೇತ ಹುಟ್ಟಿಸಲು ಅದಕ್ಕೆ ಬಿಡುವೇ ಕೊಡುವುದಿಲ್ಲ. ಗದ್ದಲ ತಟ್ಟನೆ ನಿಂತಾಗ ನೋಡ್ ಕೆಲಸ ಮತ್ತೆ ಶುರುಮಾಡಬೇಕು. ಆರೋಗ್ಯವಂತ ನೋಡ್ ಒಂದೆರಡು ಸೆಕೆಂಡಿನೊಳಗೆ ಎದ್ದುಬಿಡುತ್ತದೆ. ವಯಸ್ಸಿನಿಂದಲೋ ಔಷಧದಿಂದಲೋ ಮಂಕಾಗಿರುವ ನೋಡ್‌ಗೆ ನಾಲ್ಕು, ಆರು, ಕೆಲವೊಮ್ಮೆ ಹತ್ತು ಸೆಕೆಂಡೂ ಬೇಕಾಗಬಹುದು. ಕರೆಂಟ್ ಹೋಗಿ ಜನರೇಟರ್ ಹತ್ತಿಕೊಳ್ಳುವ ನಡುವಿನ ಕತ್ತಲೆಯೇ ಇದು. ಆ ಹೊತ್ತಿನಲ್ಲಿ ಹೃದಯ ಬಡಿಯುವುದೇ ಇಲ್ಲ. ಮಿದುಳಿಗೆ ಆರೆಂಟು ಸೆಕೆಂಡು ರಕ್ತ ಹರಿಯದಿದ್ದರೆ ಎಚ್ಚರ ಪೂರ್ತಿ ತಪ್ಪುತ್ತದೆ. ಅದಕ್ಕಿಂತ ಕಡಿಮೆಯಾದರೆ ಕಣ್ಣು ಮಂಜಾಗಿ, ತಲೆ ಹಗುರಾಗಿ, ಹಾಗೇ ದಾಟಿಹೋಗಬಹುದು.

ಓಟವೂ ಮಂದಗತಿಯೂ ಒಬ್ಬರಲ್ಲೇ ಸರದಿಯಲ್ಲಿ ಬರುವ ಈ ತೊಂದರೆಗೆ ಟ್ಯಾಕಿ-ಬ್ರೇಡಿ ಸಿಂಡ್ರೋಮ್ ಎಂದು ಹೆಸರು. ವಯಸ್ಸಾದವರಲ್ಲಿ ಹೆಚ್ಚು. ನಮ್ಮ ಕಡೆ ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟು, ನಡುವಯಸ್ಸಿನಲ್ಲೇ ಎಎಫ್ ಶುರುವಾದವರೂ ಇರುತ್ತಾರೆ.

ಓಟ ಶುರುವಾದಾಗ: ಮೊದಲು ಕೂರಿ

ಬೀಳುವುದನ್ನು ತಪ್ಪಿಸಲು ನಿಮ್ಮ ಕೈಯಲ್ಲಿರುವ ಸಮಯ ಓಟ ನಡೆಯುತ್ತಿರುವ ಹೊತ್ತು ಮಾತ್ರ. ನಿಂತ ಮೇಲೆ ಸಿಗುವುದು ಎರಡು-ಮೂರು ಸೆಕೆಂಡು. ಆದ್ದರಿಂದ ಈ ಹಿಂದೆ ಒಮ್ಮೆಯಾದರೂ ಹೀಗೆ ಬಿದ್ದವರು ಓಟ ಶುರುವಾದದ್ದು ತಿಳಿದ ಕೂಡಲೇ ಕೂತುಬಿಡಿ, ಸಾಧ್ಯವಾದರೆ ಮಲಗಿ. ಒಲೆ ಆರಿಸಿ. ಗಾಡಿ ಓಡಿಸುತ್ತಿದ್ದರೆ ರಸ್ತೆ ಬದಿಗೆ ತಂದು ನಿಲ್ಲಿಸಿ. ಬಚ್ಚಲುಮನೆಯಲ್ಲಿದ್ದರೆ ಚಿಲಕ ತೆಗೆದು ಹೊರಗೆ ಬನ್ನಿ. ಮೆಟ್ಟಿಲು, ತಾರಸಿಯ ಅಂಚು, ಬಾವಿಕಟ್ಟೆಯಿಂದ ದೂರ ಸರಿಯಿರಿ. ಮನೆಯಲ್ಲಿರುವವರಿಗೆ ‘ಶುರುವಾಯ್ತು’ ಎಂದು ಕೂಗಿ ಹೇಳಿ.

ಓಟ ನಿಂತಿತು ಅನ್ನಿಸಿದ ತಕ್ಷಣ ಎದ್ದು ಓಡಾಡಬೇಡಿ. ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ‘ನೀರು ಕುಡಿದು ಬರೋಣ’ ಎಂದು ಎದ್ದಾಗಲೇ. ನಾಲ್ಕೈದು ನಿಮಿಷ ಮಲಗಿದ್ದು, ಆಮೇಲೆ ಕೂತು, ಆಮೇಲೆ ಏಳಿ.

ಇಂಟರ್‌ನೆಟ್‌ನಲ್ಲಿ ನೋಡಿ ಕುತ್ತಿಗೆಯ ನಾಡಿ ಉಜ್ಜುವುದು, ಉಸಿರು ಬಿಗಿಹಿಡಿದು ತಿಣುಕುವುದು ಇಂಥವನ್ನು ಸ್ವಂತಕ್ಕೆ ಮಾಡಬೇಡಿ. ಬೇರೆ ಬಗೆಯ ಓಟಕ್ಕೆ ಇವನ್ನು ಡಾಕ್ಟರು ಹೇಳಿಕೊಡುವುದುಂಟು. ಎಎಫ್ ಇವುಗಳಿಗೆ ಬಗ್ಗುವುದಿಲ್ಲ, ಮೊದಲೇ ಮಂಕಾದ ನೋಡ್ ಮಾತ್ರ ಇನ್ನಷ್ಟು ಮಂಕಾಗುತ್ತದೆ.

ಪಕ್ಕದಲ್ಲಿರುವವರು ಮಾಡಬೇಕಾದದ್ದು

ಬಿದ್ದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ, ಮಾಡಲೇಬಾರದ ಕೆಲಸವೂ ಅದೇ. ಮಲಗಿದಾಗ ಮಿದುಳಿಗೆ ರಕ್ತ ಸುಲಭವಾಗಿ ಹೋಗುತ್ತದೆ, ಕೂರಿಸಿದರೆ ಇಲ್ಲ. ಅಂಗಾತ ಮಲಗಿಸಿ ಕಾಲನ್ನು ಒಂದಡಿ ಎತ್ತರಕ್ಕೆ ಇಡಿ. ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ನೀರು ಬಿಡುವುದು ಬೇಡ. ಎಚ್ಚರವಿಲ್ಲದವರ ಬಾಯಿಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಹೋಗಬಹುದು.

ಹೃದಯ ತಡೆದು ನಿಂತಾಗ ಕೈಕಾಲು ಒಂದೆರಡು ಸಲ ಅದುರುವುದುಂಟು, ನೋಡಿದವರು ಫಿಟ್ಸ್ ಎಂದುಕೊಳ್ಳುತ್ತಾರೆ. ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿ ಆಮೇಲೆ ಹೃದಯದ ತೊಂದರೆ ಎಂದು ಗೊತ್ತಾದವರಿದ್ದಾರೆ. ವ್ಯತ್ಯಾಸ ಕಾಣುವುದು ಏಳುವ ರೀತಿಯಲ್ಲಿ. ಹೃದಯದ ಕಾರಣಕ್ಕೆ ಬಿದ್ದವರು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಎಚ್ಚೆತ್ತು, ‘ಏನಾಯ್ತು?’ ಎಂದು ಸ್ಪಷ್ಟವಾಗಿ ಕೇಳುತ್ತಾರೆ. ಫಿಟ್ಸ್ ಬಂದವರು ಬಹಳ ಹೊತ್ತು ಮಂಪರಿನಲ್ಲಿರುತ್ತಾರೆ. ಬಿದ್ದಾಗ ಮುಖ ಬಿಳಿಚಿತ್ತೇ, ಎಷ್ಟು ಹೊತ್ತು ಎಚ್ಚರವಿರಲಿಲ್ಲ, ಎಷ್ಟು ಹೊತ್ತು ಅದುರಿದರು ಎಂಬುದನ್ನು ನೋಡಿದವರೇ ಬಂದು ಡಾಕ್ಟರಿಗೆ ಹೇಳಲಿ. ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರೆ ಸಂಕೋಚಪಡದೆ ತೋರಿಸಿ.

ಒಂದು ನಿಮಿಷವಾದರೂ ಏಳದಿದ್ದರೆ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿಲ್ಲ ಅಥವಾ ಗೊರಗೊರ ಎಂದು ಬಿಟ್ಟುಬಿಟ್ಟು ಉಸಿರೆಳೆಯುತ್ತಿದ್ದಾರೆ ಎಂದಾದರೆ ಕಾಯಬೇಡಿ: ಕರೆ ಮಾಡಿಸಿ, ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಆಳಕ್ಕೆ ಒತ್ತಲು ಶುರುಮಾಡಿ.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದವರು

ಎಚ್ಚರ ತಪ್ಪಿದ್ದು ಮೊದಲ ಸಲವಾದರೆ, ಎದ್ದ ಮೇಲೆ ಎಲ್ಲವೂ ಸರಿಯಿದ್ದರೂ, ಅದೇ ದಿನ ತೋರಿಸಿ. ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು ಇದ್ದರೆ ನೇರ ತುರ್ತು ವಿಭಾಗಕ್ಕೆ. ನಡೆಯುವಾಗ ಅಥವಾ ಭಾರ ಎತ್ತುವಾಗ ಬಿದ್ದಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ದಿಢೀರ್ ಸತ್ತಿದ್ದರೆ, ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಹೃದಯ ದುರ್ಬಲವಾಗಿದ್ದರೆ ಕೂಡ ಹಾಗೆಯೇ.

ಓಟ ಇನ್ನೂ ನಡೆಯುತ್ತಿರುವಾಗಲೇ ಎಚ್ಚರ ತಪ್ಪಿತ್ತು ಎಂದಾದರೆ ಅದು ಈ ಲೇಖನದ ವಿಷಯವಲ್ಲ. ಅದು ಹೃದಯದ ಕೆಳಗಿನ ಕೋಣೆಗಳಿಂದ ಬರುವ ಅಪಾಯಕಾರಿ ಓಟವೂ ಇರಬಹುದು. ನಾಳೆಗೆ ಮುಂದೂಡಬೇಡಿ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರೆ, ಗಾಯ ಕಾಣದಿದ್ದರೂ ಸಿಟಿ ಸ್ಕ್ಯಾನ್ ಬೇಕೇ ಎಂದು ಅದೇ ದಿನ ಕೇಳಿ. ಒಳಗೆ ರಕ್ತ ಜಿನುಗುತ್ತಿದ್ದರೆ ತಲೆನೋವು, ವಾಂತಿ, ಮಂಪರು ಕೆಲವು ಗಂಟೆ ತಡವಾಗಿಯೂ ಶುರುವಾಗಬಹುದು.

ಡಾಕ್ಟರ ಮುಂದೆ ಆಡಬೇಕಾದ ಮಾತು

ಒಪಿಡಿಯಲ್ಲಿ ನಿಮಗೆ ಸಿಗುವುದು ಐದು ನಿಮಿಷವೋ ಹತ್ತು ನಿಮಿಷವೋ. ಮೊದಲ ಮಾತಿಗೇ ವಿಷಯಕ್ಕೆ ಬನ್ನಿ: ‘ಡಾಕ್ಟ್ರೇ, ಎದೆ ಓಡುವಾಗ ನನಗೆ ಎಚ್ಚರ ಇರುತ್ತೆ. ಓಟ ನಿಂತು ಎರಡು-ಮೂರು ಸೆಕೆಂಡಿಗೆ ಕಣ್ಣು ಕತ್ತಲಾಗಿ ಬೀಳ್ತೀನಿ.’ ಇದನ್ನು ಕೇಳಿದ ಹೃದಯತಜ್ಞರ ತಲೆಯಲ್ಲಿ ಬರುವ ಮೊದಲ ಯೋಚನೆಯೇ ಓಟದ ಬೆನ್ನಿಗೆ ಬರುವ ವಿರಾಮ.

ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ದಿನ, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ನಿಂತಿತು, ಆಗ ನಿಂತಿದ್ದಿರೋ ಕೂತಿದ್ದಿರೋ, ಅಂದು ಯಾವ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ್ದಿರಿ ಎಂಬಷ್ಟು ಸಾಕು. ಹಾಸಿಗೆಯಿಂದ ಎದ್ದ ಕೂಡಲೇ ಮಾತ್ರ ತಲೆ ಸುತ್ತುವುದಾದರೆ ಅದನ್ನು ಬೇರೆಯಾಗಿಯೇ ಬರೆಯಿರಿ. ಅದು ಬಿಪಿ ಮಾತ್ರೆ ಹೆಚ್ಚಾಗಿರುವುದರ ಗುರುತಿರಬಹುದು. ಎರಡೂ ಒಬ್ಬರಲ್ಲೇ ಇರುವುದು ಅಪರೂಪವಲ್ಲ.

ವಿರಾಮವನ್ನು ಕಾಗದದ ಮೇಲೆ ಹಿಡಿಯುವುದು

ಚಿಕಿತ್ಸೆಯ ತೀರ್ಮಾನವೆಲ್ಲ ನಿಂತಿರುವುದು ಇದರ ಮೇಲೆ. ನಿಮಗೆ ಕಣ್ಣು ಕತ್ತಲಾದದ್ದೂ ಇಸಿಜಿಯ ಗೆರೆ ಚಪ್ಪಟೆಯಾದದ್ದೂ ಒಂದೇ ಹೊತ್ತಿಗೆ ಎಂದು ತೋರಿಸಬೇಕು. ಆಸ್ಪತ್ರೆಯ ಮಾಮೂಲಿ ಇಸಿಜಿ ಹತ್ತು ಸೆಕೆಂಡಿನದು. ಅದರಲ್ಲಿ ಈ ವಿರಾಮ ಸಿಕ್ಕಿದರೆ ಅದೃಷ್ಟ, ಸಿಗದಿದ್ದರೆ ಏನೂ ಇಲ್ಲ ಎಂದು ಅರ್ಥವಲ್ಲ.

ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಬಿಡದೆ ಇಸಿಜಿ ದಾಖಲಿಸುವ ಹೋಲ್ಟರ್. ಎದೆಗೆ ಅಂಟಿಸಿದ ವೈರುಗಳು, ಸೊಂಟಕ್ಕೋ ಕೊರಳಿಗೋ ಒಂದು ಪುಟ್ಟ ಪೆಟ್ಟಿಗೆ, 24 ಅಥವಾ 48 ಗಂಟೆ. ವಾರಕ್ಕೆ ಎರಡು-ಮೂರು ಸಲ ಓಟ ಬರುವವರಿಗೆ ಇದು ಸಾಕಾಗಬಹುದು. ತಿಂಗಳಿಗೊಮ್ಮೆ ಬರುವವರಿಗೆ 24 ಗಂಟೆಯ ಹೋಲ್ಟರ್ ಹಾಕಿಸಿ ‘ನಾರ್ಮಲ್’ ಎಂದು ಬರೆಸಿಕೊಳ್ಳುವುದು ದುಡ್ಡು ದಂಡ, ಮೇಲಾಗಿ ಸುಳ್ಳು ಸಮಾಧಾನ. ಅಂಥವರು ಒಂದೆರಡು ವಾರ ಎದೆಗೆ ಅಂಟಿಕೊಂಡಿರುವ ಪ್ಯಾಚ್ ರೆಕಾರ್ಡರ್ ಸಿಗುತ್ತದೆಯೇ ಎಂದು ಕೇಳಲಿ. ಇನ್ನೂ ಅಪರೂಪಕ್ಕೆ ಬಿದ್ದು, ಬಿದ್ದಾಗಲೆಲ್ಲ ಪೆಟ್ಟು ಮಾಡಿಕೊಳ್ಳುವವರಿಗೆ ಎದೆಯ ಚರ್ಮದಡಿ ಕೂರಿಸುವ ಲೂಪ್ ರೆಕಾರ್ಡರ್ ಇದೆ. ಎರಡು ಇಂಚಿಗೂ ಕಡಿಮೆ ಉದ್ದದ್ದು, ಸುಮಾರು ಮೂರು ವರ್ಷ ಕಾಯುತ್ತಾ ಕೂತಿರುತ್ತದೆ. ಬೆಲೆ ಹೆಚ್ಚು. ಕಾರಣ ಗೊತ್ತಿಲ್ಲದೆ ಮತ್ತೆ ಮತ್ತೆ ಬೀಳುವವರಿಗೆ ಮಾತ್ರ ಅದರ ಮಾತು.

ಹೋಲ್ಟರ್ ಹಾಕಿಕೊಂಡ ದಿನ ಹಾಸಿಗೆ ಹಿಡಿದು ಮಲಗಬೇಡಿ. ಎಂದಿನ ಕೆಲಸ ಮಾಡಿ. ಸ್ನಾನ ಮಾತ್ರ ಬೇಡ. ಏನಾದರೂ ಅನ್ನಿಸಿದಾಗ ಪೆಟ್ಟಿಗೆಯ ಗುಂಡಿ ಒತ್ತಿ, ಗಡಿಯಾರ ನೋಡಿ ಸಮಯ ಬರೆದಿಡಿ.

ವರದಿ ಕೈಗೆ ಬಂದಾಗ ಕೊನೆಯ ಸಾಲನ್ನಷ್ಟೇ ಓದಿ ಮಡಚಿಡಬೇಡಿ. ಒಳಗೆ ‘ಪಾಸ್’ (Pause, ಅಂದರೆ ವಿರಾಮ) ಎಂಬ ಸಾಲು ಇರುತ್ತದೆ: ಅತಿ ಉದ್ದದ ವಿರಾಮ ಎಷ್ಟು ಸೆಕೆಂಡು, ಎಷ್ಟು ಗಂಟೆಗೆ. ಆ ಸಮಯದ ಇಸಿಜಿ ತುಣುಕನ್ನು ಮುದ್ರಿಸಿಕೊಡಿ ಎಂದು ಕೇಳಿ. ಮಾಮೂಲಿ ವೇಗದಲ್ಲಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಐದು ದೊಡ್ಡ ಚೌಕ ಅಂದರೆ ಒಂದು ಸೆಕೆಂಡು. ಹದಿನೈದು ಚೌಕ, ಅಂದರೆ ಏಳೂವರೆ ಸೆಂಟಿಮೀಟರ್ ಉದ್ದಕ್ಕೆ ಒಂದೂ ಬಡಿತವಿಲ್ಲದಿದ್ದರೆ ಅದು ಮೂರು ಸೆಕೆಂಡಿನ ವಿರಾಮ. ಎಚ್ಚರವಿರುವಾಗ ಮೂರು ಸೆಕೆಂಡು ದಾಟಿದ ವಿರಾಮವನ್ನು ಡಾಕ್ಟರು ಗಂಭೀರವಾಗಿಯೇ ನೋಡುತ್ತಾರೆ. ಆ ಚಪ್ಪಟೆ ಗೆರೆಗೆ ಮೊದಲು ಬಡಿತಗಳು ಅಡ್ಡಾದಿಡ್ಡಿಯಾಗಿ ಒತ್ತೊತ್ತಾಗಿದ್ದು, ಆಮೇಲೆ ಸಮ ಅಂತರದಲ್ಲಿದ್ದರೆ ನೀವು ಹುಡುಕುತ್ತಿದ್ದ ಸಾಕ್ಷಿ ಅದೇ. ನಡುರಾತ್ರಿ ನಿದ್ದೆಯಲ್ಲಿ ಮಾತ್ರ ಕಂಡ ವಿರಾಮಕ್ಕೆ ಅಷ್ಟು ತೂಕವಿಲ್ಲ. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವವರಲ್ಲಿ ಅದು ಸಾಮಾನ್ಯ. ಎಎಫ್ ಹೆಚ್ಚಿಸುವುದರಲ್ಲಿ ಈ ಉಸಿರುಕಟ್ಟಿನ ಪಾಲೂ ಇರುವುದರಿಂದ ಗೊರಕೆಯ ವಿಷಯವನ್ನೂ ಡಾಕ್ಟರಿಗೆ ಹೇಳಿ.

ಸ್ಮಾರ್ಟ್ ವಾಚಿನ ಬಗ್ಗೆ ಎರಡು ಮಾತು. ಇಸಿಜಿ ಸೌಲಭ್ಯವಿರುವ ವಾಚು ಬೆರಳಿಟ್ಟಾಗ ಮಾತ್ರ 30 ಸೆಕೆಂಡು ದಾಖಲಿಸುತ್ತದೆ. ಬೀಳುವ ಹೊತ್ತಿಗೆ ಬೆರಳಿಡುವವರು ಯಾರು? ಆದರೆ ಓಟ ನಡೆಯುತ್ತಿರುವಾಗ, ಕೂತಲ್ಲೇ ಒಂದು ದಾಖಲೆ ಮಾಡಿಟ್ಟರೆ ಎಎಫ್ ಇರುವುದಕ್ಕೆ ಪುರಾವೆಯಾಗುತ್ತದೆ. ಅರ್ಧ ಕೆಲಸ ಅಲ್ಲಿಗೆ ಮುಗಿದಂತೆ.

ಇದರ ಜೊತೆಗೆ ಎಕೋ, ಥೈರಾಯ್ಡ್, ಹಿಮೋಗ್ಲೋಬಿನ್, ಪೊಟ್ಯಾಸಿಯಂ ಪರೀಕ್ಷೆಗಳನ್ನು ಮಾಡಿಸುತ್ತಾರೆ. ಥೈರಾಯ್ಡ್ ಹೆಚ್ಚಾಗಿ ಎಎಫ್ ಬಂದಿದ್ದರೆ ಅದನ್ನು ಸರಿಪಡಿಸುವುದೇ ಮೊದಲ ಚಿಕಿತ್ಸೆ.

ಮಾತ್ರೆಗಳ ಚೀಲವನ್ನೇ ಒಯ್ಯಿರಿ

ಈ ಕಾಯಿಲೆಯ ಪೇಚು ಇರುವುದೇ ಮಾತ್ರೆಗಳಲ್ಲಿ. ಓಟವನ್ನು ಹತೋಟಿಗೆ ತರಲು ಕೊಡುವ ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಡಿಲ್ಟಿಯಾಜೆಮ್, ವೆರಪಾಮಿಲ್, ಡಿಗಾಕ್ಸಿನ್, ಅಮಿಯೊಡರೋನ್ ಇವು ಸೈನಸ್ ನೋಡ್ ಅನ್ನೋ, ಸಂಕೇತ ಕೆಳಗಿಳಿಯುವ ದಾರಿಯನ್ನೋ ನಿಧಾನಗೊಳಿಸುವಂಥವು. ಓಟದಲ್ಲಿ ಇವು ಉಪಕಾರಿ. ಓಟ ನಿಂತಾಗ ಇವೇ ವಿರಾಮವನ್ನು ಉದ್ದ ಮಾಡಬಹುದು. ‘ಎದೆ ಓಡ್ತಿದೆ’ ಎಂದು ಒಂದು ಮಾತ್ರೆ ಹೆಚ್ಚಿಗೆ ನುಂಗಿ, ಎರಡು ಗಂಟೆಯ ನಂತರ ಓಟ ನಿಂತಾಗ ಬೀಳುವುದು ಹೀಗೆಯೇ. ಹೆಚ್ಚಿಗೆ ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ಖಂಡಿತ ತೆಗೆದುಕೊಳ್ಳಬೇಡಿ. ಹಾಗೆಂದು ಬಿದ್ದ ಭಯಕ್ಕೆ ಮೆಟೊಪ್ರೊಲಾಲ್‌ನಂಥವನ್ನು ಒಮ್ಮೆಲೇ ನಿಲ್ಲಿಸಿದರೆ ಓಟ ಇನ್ನೂ ಜೋರಾಗಿ ಮರಳಬಹುದು. ಅದೇ ದಿನ ಫೋನ್ ಮಾಡಿ ಕೇಳಿ, ಅಥವಾ ಹೋಗಿ ತೋರಿಸಿ.

ಹೃದಯತಜ್ಞರ ಚೀಟಿಯಲ್ಲಿ ಇಲ್ಲದ, ಬೇರೆಯವರು ಕೊಟ್ಟ ಔಷಧಗಳೂ ಬಡಿತ ತಗ್ಗಿಸುತ್ತವೆ, ಇದನ್ನು ಯಾರೂ ಕೇಳುವುದಿಲ್ಲ. ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ರಕ್ತಕ್ಕೆ ಸೇರಿ ಹೃದಯಕ್ಕೂ ತಟ್ಟುತ್ತದೆ. ಕೈನಡುಕಕ್ಕೋ ಮೈಗ್ರೇನಿಗೋ ಕೊಡುವ ಪ್ರೊಪ್ರನಲಾಲ್, ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಕೂಡ ಇದೇ ಗುಂಪಿನವು. ಆದ್ದರಿಂದ ಹೆಸರು ನೆನಪಿನಿಂದ ಹೇಳುವ ಬದಲು ಮನೆಯ ಔಷಧದ ಡಬ್ಬಿಯನ್ನೇ, ಕಣ್ಣಿನ ಹನಿ, ನಾಟಿ ಪುಡಿ ಸಮೇತ ಚೀಲಕ್ಕೆ ತುಂಬಿ ಒಯ್ಯಿರಿ.

ಓಟ ಬಂದಾಗ ಮಾತ್ರ ನುಂಗಲು ಫ್ಲೆಕೈನೈಡ್ ಅಥವಾ ಪ್ರೊಪಾಫಿನೋನ್ ಕೊಡುವ ಪದ್ಧತಿಯೊಂದಿದೆ. ಅದನ್ನು ಮೊದಲ ಸಲ ಆಸ್ಪತ್ರೆಯಲ್ಲಿ, ಮಾನಿಟರ್ ಹಾಕಿಕೊಂಡೇ ಪ್ರಯೋಗಿಸಬೇಕು ಅನ್ನುವುದಕ್ಕೆ ಒಂದು ಕಾರಣ ಓಟ ನಿಂತ ಕ್ಷಣದ ಈ ವಿರಾಮವೇ. ಸೈನಸ್ ನೋಡ್ ಮಂಕಾಗಿದೆ ಎಂದು ಗೊತ್ತಿರುವವರಿಗೆ ಈ ಪದ್ಧತಿ ಹೊಂದುವುದಿಲ್ಲ.

ಚಿಕಿತ್ಸೆ: ಮೂರು ದಾರಿ

ಮಾತ್ರೆಯೇ ಕಾರಣ ಎನ್ನುವಂತಿದ್ದರೆ ಅದನ್ನು ತಗ್ಗಿಸಿ ಅಥವಾ ಬದಲಿಸಿ ನೋಡುತ್ತಾರೆ. ಅಷ್ಟರಲ್ಲೇ ವಿರಾಮಗಳು ನಿಂತರೆ ಬೇರೇನೂ ಬೇಡ.

ಓಟವಿಲ್ಲದ ಹೊತ್ತಿನಲ್ಲಿ ಬಡಿತ ಚೆನ್ನಾಗಿಯೇ ಇದ್ದು, ಓಟ ನಿಂತಾಗ ಮಾತ್ರ ವಿರಾಮ ಬರುವವರಿಗೆ ಅಬ್ಲೇಷನ್ ಒಳ್ಳೆಯ ದಾರಿ. ತೊಡೆಸಂದಿಯ ರಕ್ತನಾಳದಿಂದ ತಂತಿ ತೂರಿಸಿ, ಗದ್ದಲ ಹುಟ್ಟುವ ಜಾಗಗಳನ್ನು ಸುಟ್ಟೋ ಹೆಪ್ಪುಗಟ್ಟಿಸಿಯೋ ಬೇರ್ಪಡಿಸುವುದು. ಓಟವೇ ಬರದಿದ್ದರೆ ನಿಲ್ಲುವ ಪ್ರಶ್ನೆಯೂ ಇಲ್ಲ, ಪೇಸ್‌ಮೇಕರ್ (ಹೃದಯಕ್ಕೆ ಬಡಿತ ಕೊಡುವ ಪುಟ್ಟ ಯಂತ್ರ) ಹಾಕಿಸಿಕೊಳ್ಳುವುದು ಎಷ್ಟೋ ಜನರಿಗೆ ತಪ್ಪುತ್ತದೆ. ಪೇಸ್‌ಮೇಕರ್ ಮಾತು ಬಂದ ಕೂಡಲೇ ಒಪ್ಪಿಬಿಡುವ ಮೊದಲು, ವಯಸ್ಸು ಅಷ್ಟೇನೂ ಆಗಿಲ್ಲದವರು ‘ನನಗೆ ಅಬ್ಲೇಷನ್ ಆಗಬಹುದೇ?’ ಎಂದು ಒಬ್ಬ ಎಲೆಕ್ಟ್ರೋಫಿಸಿಯಾಲಜಿಸ್ಟ್ ಹತ್ತಿರ ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಹೃದಯತಜ್ಞರಲ್ಲೇ ಲಯದ ತೊಂದರೆಗಳನ್ನು ನೋಡುವವರು ಇವರು.

ಮಿಕ್ಕ ಹೊತ್ತಿನಲ್ಲೂ ಬಡಿತ ನಿಧಾನವಾಗಿರುವ ಹಿರಿಯರಿಗೆ ಪೇಸ್‌ಮೇಕರ್ ಹೆಚ್ಚು ಭರವಸೆಯದು. ಕಾಲರ್ ಮೂಳೆಯ ಕೆಳಗೆ, ಆ ಜಾಗಕ್ಕಷ್ಟೇ ಮರಗಟ್ಟಿಸಿ ಕೂರಿಸುತ್ತಾರೆ. ಬ್ಯಾಟರಿ ಸಾಮಾನ್ಯವಾಗಿ ಎಂಟು-ಹತ್ತು ವರ್ಷ ಬರುತ್ತದೆ. ಹೆದರುವವರಿಗೆ ಆರ್ನೆ ಲಾರ್ಸನ್ ಅವರ ಕತೆ ಹೇಳಬಹುದು. ದೇಹದೊಳಗೆ ಪೇಸ್‌ಮೇಕರ್ ಹಾಕಿಸಿಕೊಂಡ ಮೊದಲ ವ್ಯಕ್ತಿ, ಸ್ವೀಡನ್ನಿನವರು, 1958ರ ಅಕ್ಟೋಬರ್‌ನಲ್ಲಿ. ಅವರದು ಬೇರೆ ಬಗೆಯ ಹೃದಯ ತಡೆ, ದಿನಕ್ಕೆ ಹಲವು ಸಲ ಎಚ್ಚರ ತಪ್ಪುತ್ತಿತ್ತು. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಆಮೇಲೆ ಯಂತ್ರದ ಮೇಲೆ ಯಂತ್ರ ಬದಲಿಸಿಕೊಳ್ಳುತ್ತಾ 2001ರ ತನಕ, 86 ವರ್ಷ ಬದುಕಿದರು.

ಪೇಸ್‌ಮೇಕರ್ ಓಟವನ್ನು ನಿಲ್ಲಿಸುವುದಿಲ್ಲ. ವಿರಾಮದ ಹೊತ್ತಿನಲ್ಲಿ ಬಡಿತ ಕೊಟ್ಟು ಬೀಳದಂತೆ ಕಾಯುತ್ತದೆ, ಅಷ್ಟೇ. ಹಾಕಿಸಿಕೊಂಡ ಮೇಲೂ ಎದೆ ಡವಡವ ಅನ್ನುತ್ತದಲ್ಲ ಎಂದು ಯಂತ್ರವನ್ನು ಬೈಯಬೇಡಿ. ಇನ್ನು ಮೇಲೆ ಓಟ ತಗ್ಗಿಸುವ ಮಾತ್ರೆಯನ್ನು ಡಾಕ್ಟರು ಧೈರ್ಯವಾಗಿ ಕೊಡಬಹುದು, ಲಾಭ ಅಲ್ಲಿದೆ. ಮೊದಲ ಕೆಲವು ವಾರ ಆ ಬದಿಯ ಕೈಯನ್ನು ಭುಜಕ್ಕಿಂತ ಮೇಲೆತ್ತಬೇಡಿ. ಮೊಬೈಲನ್ನು ಅಂಗಿಯ ಜೇಬಿನಲ್ಲಿಡಬೇಡಿ, ಒಂದು ಗೇಣಿನಷ್ಟು ದೂರವಿರಲಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ.

ಬಿಪಿಎಲ್ ಕಾರ್ಡಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ನಿಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯೇ, ರೆಫರಲ್ ಬೇಕೇ ಎಂದು ಕೇಳಿಕೊಳ್ಳಿ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗಳು ಸರ್ಕಾರಿ ದಾರಿಯಲ್ಲಿ ಹೋಗುವವರಿಗೆ ಗೊತ್ತಿರುವ ವಿಳಾಸವೇ.

ರಕ್ತ ತೆಳುವಾಗಿಸುವ ಮಾತ್ರೆ ಬಿಡಬಹುದೇ?

ಬಿದ್ದವರ ಮನೆಯವರು ಮೊದಲು ಕೇಳುವ ಪ್ರಶ್ನೆ ಇದು. ಸ್ವಂತಕ್ಕೆ ಬಿಡಬೇಡಿ. ಎಎಫ್‌ನಲ್ಲಿ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಪೇಸ್‌ಮೇಕರ್ ಹಾಕಿದರೂ ಆ ಅಪಾಯ ಹಾಗೇ ಇರುತ್ತದೆ. ವಯಸ್ಸು, ಬಿಪಿ, ಶುಗರ್, ಹಿಂದಿನ ಪಾರ್ಶ್ವವಾಯು ಎಲ್ಲ ನೋಡಿ ಯಾರಿಗೆ ಬೇಕು ಎಂದು ಡಾಕ್ಟರು ನಿರ್ಧರಿಸುತ್ತಾರೆ. ವಾರ್ಫರಿನ್ ಅಥವಾ ಅಸಿನೊಕೌಮರಾಲ್ ಆದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ರಕ್ತಪರೀಕ್ಷೆಯ ಅಂಕಿ) ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು.

ಗಾಡಿ, ಮರ, ಬಾವಿ

ಕಾರಣ ತಿಳಿದು ಚಿಕಿತ್ಸೆಯಾಗುವ ತನಕ ಬೈಕು, ಕಾರು, ಟ್ರ್ಯಾಕ್ಟರ್ ಬೇಡ. ಚಾಲನಾ ಪರವಾನಗಿಗೆ ಸಲ್ಲಿಸುವ ನಮೂನೆ 1ರಲ್ಲಿ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆ ಸುತ್ತುವುದು ಇದೆಯೇ ಎಂದು ಕೇಳಿರುತ್ತಾರೆ. ಎಲ್ಲರೂ ಓದದೆಯೇ ‘ಇಲ್ಲ’ ಎಂದು ಟಿಕ್ ಹಾಕುವ ಸಾಲು ಅದು. ನಿಮಗೆ ಓಟದ ಮುನ್ಸೂಚನೆ ಸಿಗುತ್ತದೆ ಎಂಬ ಧೈರ್ಯದ ಮೇಲೆ ಗಾಡಿ ಹತ್ತಬೇಡಿ. ಎಎಫ್ ಎಷ್ಟೋ ಸಲ ಯಾವ ಲಕ್ಷಣವೂ ಇಲ್ಲದೆ ಬಂದುಹೋಗುತ್ತದೆ, ಆಗ ಕತ್ತಲೆಯೇ ಮೊದಲ ಸೂಚನೆ. ಬಸ್ಸು, ಲಾರಿ, ಆಟೊ ಓಡಿಸಿಯೇ ಹೊಟ್ಟೆ ಹೊರೆಯುವವರು ಯಾವಾಗ ಮತ್ತೆ ಕೆಲಸಕ್ಕೆ ಹೋಗಬಹುದು ಎಂಬುದನ್ನು ಡಾಕ್ಟರಿಂದ ಬರವಣಿಗೆಯಲ್ಲೇ ಪಡೆಯಿರಿ.

ತೆಂಗು, ಅಡಿಕೆ ಮರ ಹತ್ತುವುದು, ಏಣಿ, ಕೆರೆಯಲ್ಲಿ ಈಜು, ಒಬ್ಬರೇ ಬಾವಿಗಿಳಿದು ಪಂಪು ನೋಡುವುದು ಇವೂ ಗಾಡಿಯ ಲೆಕ್ಕಕ್ಕೇ ಸೇರುತ್ತವೆ. ಪೇಸ್‌ಮೇಕರ್ ಕೂರಿಸಿದ ಮೇಲೆ ಯಾವುದನ್ನು ಯಾವಾಗ ಶುರುಮಾಡಬಹುದು ಎಂಬುದನ್ನು ಮೊದಲ ತಪಾಸಣೆಯ ದಿನ ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ಅದಾದ ಮೇಲೂ ಕಣ್ಣು ಕತ್ತಲಾದರೆ ದಿನ, ಗಂಟೆ ಗುರುತು ಹಾಕಿಕೊಂಡು ಹೋಗಿ. ಯಂತ್ರದ ನೆನಪಿನಲ್ಲಿ ಅಷ್ಟು ಹೊತ್ತಿಗೆ ಏನಾಗಿತ್ತು ಎಂದು ತೆಗೆದು ನೋಡಲು ಬರುತ್ತದೆ.